ಹೊಲದ ನಡುವಿನ ಕಲ್ಲುಗುಪ್ಪೆ

ಕೃಷ್ಣರಾಜಪೇಟೆಯ ಸೀಮೆಯಲ್ಲಿ, ಕೆರೆಯ ಕೋಡಿಯನ್ನು ದಾಟಿ ನೆಲವು ಮೆಲ್ಲಮೆಲ್ಲನೆ ಏರತೊಡಗುವ ಒಂದೆಡೆಯಲ್ಲಿ, ಮೂರೆಕರೆಯ ಖುಷ್ಕಿ ಹೊಲವೊಂದುಂಟು. ಮಣ್ಣು ಕೆಂಪು, ಅದರಲ್ಲಿ ಮಣ್ಣಿಗಿಂತ ಗರಸೇ ಹೆಚ್ಚು. ಮಳೆ ಸಕಾಲಕ್ಕೆ ಬಂದರೆ ರಾಗಿ, ತಪ್ಪಿದರೆ ಹುರುಳಿ; ಅದೂ ತಪ್ಪಿದರೆ ದನಗಳಿಗೆ ನಾಲ್ಕು ಹೊರೆ ಹುಲ್ಲು. ಈ ಹೊಲದ ಮೇಲುಗಡೆಯ ಮೂಲೆಯಲ್ಲಿ ಹದಿನಾಲ್ಕು ಗುಂಡುಕಲ್ಲುಗಳು ವೃತ್ತಾಕಾರವಾಗಿ ಕುಳಿತಿವೆ. ಅವುಗಳ ಎತ್ತರ ಮೊಣಕಾಲಿನಷ್ಟು. ವೃತ್ತದ ಅಡ್ಡಗಲ ಸುಮಾರು ಹನ್ನೆರಡು ಹೆಜ್ಜೆ. ನಡುವೆ ಸಣ್ಣ ಕಲ್ಲುಗಳನ್ನೂ ಮಣ್ಣನ್ನೂ ಒಟ್ಟಿದ ತಗ್ಗಾದ ಗುಪ್ಪೆ. ಅದರ ಮೇಲೆ ಬಂದರೆ, ತಂಗಡಿ ಮತ್ತು ಲಂಟಾನದ ಪೊದೆ. ದಾರಿಹೋಕನು ಅದನ್ನು ನೋಡಿದರೆ, ಹೊಲವನ್ನು ಹಸನುಮಾಡಿದ ಯಾವನೋ ರೈತನು ಆಯ್ದ ಕಲ್ಲುಗಳನ್ನು ಒಂದೆಡೆ ಹಾಕಿರುವನೆಂದೇ ಎಣಿಸಿ ಮುಂದೆ ಹೋಗುವನು.

ಹೊಲದ ಒಡೆಯರು ಇಬ್ಬರು ಸೋದರರು. ಹಿರಿಯರು ಮೂವತ್ತೈದು ವರ್ಷ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು ಮೇಷ್ಟರೇ. ಇಲ್ಲಿಯೂ ಹಾಗೆಯೇ ಕರೆದರೆ ಸಾಕು. ಕಿರಿಯವರು ಬೇಸಾಯ ಮಾಡಿಕೊಂಡು ಊರಿನಲ್ಲಿಯೇ ಉಳಿದವರು. ಇವರ ತಂದೆಯು ಉಳುವಾಗ ಆ ಮೂಲೆ ಬಂದೊಡನೆ ನೇಗಿಲನ್ನು ಎತ್ತಿ, ಎತ್ತುಗಳನ್ನು ಬಳಸಿ ತಿರುಗಿಸುತ್ತಿದ್ದರು. ಏಕೆಂದು ಕೇಳಿದ ಮಗನಿಗೆ ಅವರು ಕೊಟ್ಟ ಉತ್ತರ ಇಷ್ಟೇ: “ಅದು ಪಾಂಡವರ ಗುಡ್ಡೆ ಕಣಪ್ಪ. ಅದಕ್ಕೆ ನೇಗಿಲು ತಾಕಿಸಬಾರದು.” ತಾಯಿಯು ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಎಡೆಯಿಟ್ಟ ಮೇಲೆ, ಮುತ್ತುಗದೆಲೆಯಲ್ಲಿ ಒಂದು ತುತ್ತನ್ನು ತೆಗೆದುಕೊಂಡು ಹೋಗಿ ಆ ಕಲ್ಲುಗಳಲ್ಲೊಂದರ ಮೇಲೆ ಇಟ್ಟು ಬರುವರು. ಯಾರಿಗೆಂದು ಅವರೂ ಹೇಳಲಿಲ್ಲ. ಕೇಳಬೇಕೆಂದು ಯಾರಿಗೂ ತೋರಲಿಲ್ಲ.

ಇದರಿಂದ ಹಿಂದಿನವರ ಭಕ್ತಿಯು ಅಖಂಡವಾಗಿತ್ತೆಂದು ತಿಳಿಯಬಾರದು. ವೃತ್ತದ ಉತ್ತರಭಾಗದಲ್ಲಿ ನಾಲ್ಕೈದು ಕಲ್ಲುಗಳಷ್ಟು ತೆರಪಿದೆ. ಮೇಷ್ಟರ ತಾತನ ಕಾಲದಲ್ಲಿ ತೋಟದ ಬಾವಿಗೆ ಮೆಟ್ಟಿಲು ಕಟ್ಟಿಸಿದಾಗ ಅಲ್ಲಿಯ ಕಲ್ಲುಗಳು ಬಾವಿಗೆ ಇಳಿದವು. ಪಾಂಡವರ ಭಯವೂ ಬಾವಿಯ ಅಗತ್ಯವೂ ಒಂದೇ ಮನೆಯಲ್ಲಿ ಹೊಂದಿಕೊಂಡಿದ್ದುವು.

ಈ ಪಾಂಡವರ ಹೆಸರು ಆ ಸೀಮೆಗೆ ಹೊಸದೇನಲ್ಲ. ಹಿರೋಡೆ ಎಂಬ ಹಳೆಯ ಹೆಸರಿನ ಊರು, ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಪಡೆಯು ಬೀಡುಬಿಟ್ಟಿದ್ದ ಕಾರಣ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಎನಿಸಿ, ಕೊನೆಗೆ ಪಾಂಡವಪುರವೆಂದಾಯಿತು. ಅದರ ಮಗ್ಗುಲಿಗೆ ಕುಂತಿಬೆಟ್ಟ. ವನವಾಸದ ಕಾಲದಲ್ಲಿ ತಾಯಿಮಕ್ಕಳು ಅಲ್ಲಿದ್ದರೆಂದು ಜನ ಹೇಳುವರು. ಮನುಷ್ಯನು ಎತ್ತಲಾರದ ಕಲ್ಲನ್ನು ಯಾರೋ ಎತ್ತಿ ನಿಲ್ಲಿಸಿರುವುದು ಕಂಡರೆ ಅದು ಭೀಮನ ಕೆಲಸವೆಂದು ಹೇಳುವುದು ದಕ್ಷಿಣ ದೇಶದ ರೂಢಿ. ಕೊಡಗಿನಲ್ಲಿ ಇಂಥವು ಪಾಂಡುಪಾರೆ. ಮಲಬಾರಿನಲ್ಲಿ ಪಾಂಡುಕುಳಿ, ಅವನ್ನು ಕುರಿತು ಬ್ಯಾಬಿಂಗ್ಟನ್ ಎಂಬ ಆಂಗ್ಲನು ಬರೆದ ಲೇಖನವು 1823ರಲ್ಲಿಯೇ ಮುಂಬಯಿಯ ಸಾಹಿತ್ಯಸಂಘದ ಸಂಪುಟದಲ್ಲಿ ಅಚ್ಚಾಗಿದೆ. ಉತ್ತರ ಕರ್ಣಾಟಕದ ಕಡೆಗೆ ಹೋದರೆ ಪಾಂಡವರು ಮರೆಯಾಗಿ ಮೋರ್ಯರು ಬರುವರು. ಕೊಪ್ಪಳದ ಕಡೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿಗಳಿಂದ ಕಟ್ಟಿದ ನೂರಾರು ಕಲ್ಮನೆಗಳು ಇಂದಿಗೂ ನಿಂತಿವೆ. ಜನರು ಅದನ್ನು ಮೋರ್ಯರ ಗುಡ್ಡವೆನ್ನುವರು. ಆ ಮೋರ್ಯರು ಕುಳ್ಳರಂತೆ. ಕಲ್ಮನೆಗಳ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿಯೇ ಅವರ ಬಾಗಿಲಂತೆ. ಒಂದು ಕಡೆ ದೈತ್ಯಬಲದ ಭೀಮ, ಇನ್ನೊಂದು ಕಡೆ ಮೊಳದುದ್ದದ ಮೋರ್ಯ: ಕಲ್ಲಿನ ತೂಕವನ್ನು ನೋಡಿದವರು ಒಂದು ಕಥೆಯನ್ನೂ, ಕಿಂಡಿಯ ಅಳತೆಯನ್ನು ನೋಡಿದವರು ಮತ್ತೊಂದನ್ನೂ ಕಟ್ಟಿದರು.

ಹೆಸರುಗಳ ವಿಷಯ ಬಂದುದರಿಂದ ಒಂದು ಮಾತು. ಕೃಷ್ಣರಾಜಪೇಟೆಗೆ ಹಿಂದೆ ಇದ್ದ ಹೆಸರು ಅತ್ತಿಗುಪ್ಪೆ. ಗುಪ್ಪೆ ಎಂದರೆ ರಾಶಿ; ಕಲ್ಲುಗುಪ್ಪೆಯೂ ಗುಪ್ಪೆಯೇ. ಮೇಷ್ಟರು ತಾರುಣ್ಯದಲ್ಲಿ ಈ ಎರಡನ್ನೂ ಗಂಟುಹಾಕಿ, ಊರಿನ ಹೆಸರೇ ಪ್ರಾಚೀನ ಗೋರಿಗಳಿಂದ ಬಂದುದೆಂದು ಕೆಲವು ಕಾಲ ನಂಬಿದ್ದರು. ಕುಪ್ಪೆಯೆಂದು ಕೊನೆಗೊಳ್ಳುವ ಹಳ್ಳಿಗಳು ಮೈಸೂರು ಸೀಮೆಯಲ್ಲಿ ಹೆಜ್ಜೆಗೊಂದರಂತೆ ಇರುವುದನ್ನು ಕಂಡ ಮೇಲೆ ಆ ನಂಬಿಕೆಯನ್ನು ಬಿಟ್ಟರು. ಬಿಡುವಾಗ ತುಸು ವ್ಯಸನವಾಯಿತೆಂದು ಅವರೇ ಹೇಳುವುದುಂಟು.

ಆ ಗುಪ್ಪೆಯ ನಿಜಸಂಗತಿಯು ಅವರಿಗೆ ತಿಳಿದುದು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ. ಗ್ರಂಥಾಲಯದಲ್ಲಿ ಏನನ್ನೋ ಹುಡುಕುತ್ತಿದ್ದಾಗ ಬ್ರಹ್ಮಗಿರಿಯ ಉತ್ಖನನದ ವರದಿಯು ಕೈಗೆ ಬಂದಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬಳಿ ರೈಸ್ ಮಹಾಶಯರು 1892ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದಿದ್ದರು. ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆಯಿಸಿ ನೋಡಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಹಳೆಯ ಊರಿನ ನೆಲೆಯನ್ನೂ ಅದರ ಪಕ್ಕದ ಕಲ್ಗೋರಿಗಳನ್ನೂ ಪದರಪದರವಾಗಿ ಬಿಡಿಸಿದರು. ವರದಿಯೊಳಗಿನ ನಕ್ಷೆಯೊಂದರಲ್ಲಿ ಗುಂಡುಕಲ್ಲುಗಳ ವೃತ್ತ, ನಡುವೆ ಗುಪ್ಪೆ. ತಮ್ಮ ಹೊಲದ ಮೂಲೆಯನ್ನೇ ಯಾರೋ ಬರೆದಿರುವಂತೆ ಮೇಷ್ಟರಿಗೆ ತೋರಿತು.

ಆ ಗುಪ್ಪೆಗಳ ಕೆಳಗೆ ಇದ್ದುದೇನು? ನೆಲವನ್ನು ಅಗೆದು ನಾಲ್ಕು ದೊಡ್ಡ ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿರುವರು. ಒಂದೊಂದು ಚಪ್ಪಡಿಯ ಒಂದು ತುದಿಯು ಮುಂದಿನದನ್ನು ಮೀರಿ ಚಾಚಿಕೊಂಡಿರುವುದರಿಂದ ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುವುದು. ಇದು ಅಲಂಕಾರಕ್ಕಾಗಿ ಮಾಡಿದುದಲ್ಲ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಚಪ್ಪಡಿಯು ಇನ್ನೊಂದಕ್ಕೆ ಆತುಕೊಂಡು ಬಿಗಿಯಾಗುವುದು. ಗಾರೆಯಿಲ್ಲದೆ, ಕೀಲಿಲ್ಲದೆ, ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಅದು ಕುಸಿಯಲಿಲ್ಲ. ಮೂಡಲ ಕಡೆಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಮೇಲೆ ಮುಚ್ಚುಗಲ್ಲು. ಒಳಗೆ ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಮೂಳೆಗಳು. ಮೂಳೆಗಳು ಇಡಿಯ ದೇಹದ್ದಲ್ಲ. ಬೇರೆಲ್ಲಿಯೋ ಮಾಂಸವು ಕಳೆದ ಮೇಲೆ ಆಯ್ದು ತಂದವು, ಹಲವು ವೇಳೆ ಒಬ್ಬರಿಗಿಂತ ಹೆಚ್ಚು ಮಂದಿಯವು. ಚಪ್ಪಡಿಯಿಲ್ಲದೆ ಬರಿಯ ಗುಳಿಯನ್ನು ಮಾತ್ರ ತೋಡಿದ ವೃತ್ತಗಳೂ ಅಲ್ಲಿದ್ದುವು. ದೇಹವನ್ನು ಮೊದಲು ಅವುಗಳಲ್ಲಿ ಇರಿಸಿ, ಅನಂತರ ಮೂಳೆಗಳನ್ನು ಕಲ್ಲಿನ ಕೋಣೆಗೆ ಸಾಗಿಸುತ್ತಿದ್ದಿರಬಹುದೆಂದು ವ್ಹೀಲರರು ಊಹಿಸಿದರು.

ಮಡಕೆಗಳ ಬಗೆಯೂ ವಿಶೇಷವಾದುದು. ಒಳಮೈ ಮತ್ತು ಕಂಠ ಕಪ್ಪು, ಹೊರಗಿನ ಕೆಳಭಾಗ ಕೆಂಪು. ಮಡಕೆಯನ್ನು ಆವಿಗೆಯಲ್ಲಿ ಬೋರಲಾಗಿಟ್ಟು ಸುಟ್ಟರೆ, ಗಾಳಿ ತಾಗಿದೆಡೆ ಕೆಂಪಾಗುವುದು, ತಾಗದೆಡೆ ಕಪ್ಪಾಗಿ ಉಳಿಯುವುದು. ಬಣ್ಣವಿಲ್ಲದೆ ಎರಡು ಬಣ್ಣವನ್ನು ತರುವ ಈ ಜಾಣ್ಮೆಯನ್ನು ಓದಿ ಮೇಷ್ಟರು ಊರಿಗೆ ಬಂದವರೇ ಮೊದಲು ಹೋದದ್ದು ಹೊಲಕ್ಕೆ. ಗುಪ್ಪೆಯ ಅಂಚಿನಲ್ಲಿ ಮಳೆಯ ನೀರು ಕೊರೆದ ಕಡೆ ಹೆಬ್ಬೆರಳಗಲದ ಒಂದು ಬೋಕಿಯಿತ್ತು. ಒಳಮೈ ಕಪ್ಪು, ಹೊರಮೈ ಕೆಂಪು.

ಕಾಲದ ಲೆಕ್ಕವು ಮಾತ್ರ ಆಮೇಲೆ ಬೆಳೆಯಿತು. ಈ ಗೋರಿಗಳು ಕ್ರಿಸ್ತಪೂರ್ವ 200ರ ಸುಮಾರಿಗೆ ಆರಂಭವಾದುವೆಂದು ವ್ಹೀಲರರು ಗಣಿಸಿದ್ದರು. ತುಂಗಭದ್ರಾ ತೀರದ ಹಳ್ಳೂರಿನಲ್ಲಿ 1965ರಲ್ಲಿ ನಡೆದ ಉತ್ಖನನದ ಇದ್ದಿಲನ್ನು ಪರೀಕ್ಷಿಸಿದ ಮೇಲೆ, ಈ ನಾಡಿನಲ್ಲಿ ಕಬ್ಬಿಣವು ಕ್ರಿಸ್ತಪೂರ್ವ 1000ದ ಸುಮಾರಿಗೇ ಬಳಕೆಗೆ ಬಂದಿತ್ತೆಂದು ಗೊತ್ತಾಯಿತು. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವು 1171ರದು. ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿಯು ಹದಿಮೂರನೆಯ ಶತಮಾನದ್ದು. ಆ ಶಿಲ್ಪಿಗಳು ಅತ್ತ ಉಳಿ ಹಿಡಿದು ಬಂದಾಗ, ಸುತ್ತಲಿನ ಬೋರೆಗಳ ಮೇಲಿನ ಗುಪ್ಪೆಗಳು ಅವರಿಗೂ ಪುರಾಣಕಾಲದ ವಸ್ತುಗಳಾಗಿದ್ದುವು.

ಉಪಾಧ್ಯಾಯನಾದವನು ತಿಳಿದುದನ್ನು ಹೇಳದಿರಲಾರನಷ್ಟೆ. ಮೇಷ್ಟರು ವರ್ಷವರ್ಷವೂ ಏಳನೆಯ ತರಗತಿಯ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು, ವೃತ್ತದ ಸುತ್ತ ಕುಳ್ಳಿರಿಸಿ ಪಾಠ ಮಾಡಿದರು. ಇದು ಪಾಂಡವರದಲ್ಲ, ಮನುಷ್ಯರದು ಎಂದರು. ಶಹಪುರ, ಸುರಪುರಗಳ ಕಡೆ ಮೆಡೋಸ್ ಟೇಲರನು ಗೋರಿಗಳನ್ನು ಅಳೆದುದನ್ನೂ, 1873ರಲ್ಲಿ ನೆರೆಯ ಹಾಸನ ಜಿಲ್ಲೆಯ ಇಂಥ ಕಲ್ಲುಗಳನ್ನು ಕುರಿತು ಕ್ಯಾಪ್ಟನ್ ಮೆಕೆಂಜಿಯು ಬರೆದುದನ್ನೂ ಹೇಳಿದರು. ಪಾಂಡವರ ಹೆಸರಿನ ಹೆದರಿಕೆಯನ್ನು ಮಕ್ಕಳ ಮನಸ್ಸಿನಿಂದ ಕಿತ್ತುಹಾಕಿದುದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆ. ಇಂಥ ಗೋರಿಗಳಲ್ಲಿ ಏನೇನು ಸಿಗುವುದೆಂದು ಹುಡುಗರು ಕೇಳುವರು. ಮಡಕೆ, ಮೂಳೆ, ಕುಡುಗೋಲು, ಬಾಣದ ಮೊನೆ, ಕಲ್ಲಿನ ಮಣಿ ಎಂದು ಹೇಳಿ, ಸತ್ಯಕ್ಕೆ ಕೊರತೆಯಾಗಬಾರದೆಂದು, “ಎಲ್ಲೋ ಅಪರೂಪಕ್ಕೆ ಒಂದೆರಡು ಚಿನ್ನದ ಮಣಿಯೂ ಸಿಕ್ಕಿದ್ದುಂಟು” ಎಂದು ಸೇರಿಸುವರು.

ಪಾಠದಲ್ಲಿ ಹೇಳಿದ ಸಾವಿರ ಮಾತುಗಳಲ್ಲಿ ಊರಿನಲ್ಲಿ ಉಳಿದುದು ಆ ಕೊನೆಯದೊಂದೇ. ಅದಕ್ಕೆ ವರ್ಷಗಳು ಉರುಳಿದಂತೆ ಕೈಕಾಲುಗಳು ಬಂದುವು. ಒಂದೆರಡು ಮಣಿ ಒಂದು ಸರವಾಯಿತು, ಸರವು ಕೊಪ್ಪರಿಗೆಯಾಯಿತು. ಮೇಷ್ಟರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ ಒಂದು ಅಮಾವಾಸ್ಯೆಯ ಮರುದಿನ ಬೆಳಗ್ಗೆ ತಮ್ಮನು ಬಂದು ಕರೆದನು. ಗುಪ್ಪೆಯ ನಡುವೆ ಆಳುದ್ದದ ಗುಳಿ. ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಉರಿದು ಮುಗಿದ ಊದುಬತ್ತಿ. ಒಂದು ಚಪ್ಪಡಿಯನ್ನು ಹಾರೆಯಿಂದ ಮೀಟಿ ಒಡೆದಿದ್ದರು. ಉಳಿದವು ಒಳಕ್ಕೆ ವಾಲಿದ್ದುವು. ಅಗೆದ ಮಣ್ಣಿನ ತುಂಬ ಹೊಸದಾಗಿ ಮುರಿದ ಬೋಕಿಗಳು. ಹಳೆಯ ಮುರಿತವು ಮಂಕಾಗಿರುವುದು. ಇವುಗಳ ಅಂಚು ನಿನ್ನೆ ಒಡೆದ ಮಡಕೆಯಂತೆ ಹೊಳೆಯುತ್ತಿತ್ತು. ಮೂಳೆಯ ಚೂರುಗಳು ಬೂದಿಯಂತೆ ಉದುರಿದ್ದುವು.

ತಮ್ಮನು ಬಹಳ ಹೊತ್ತು ಸುಮ್ಮನಿದ್ದು, “ನೀನು ಅದನ್ನ ಪಾಂಡವರದ್ದು ಅಂತಲೇ ಬಿಟ್ಟಿದ್ದರೆ ಯಾರೂ ಅದರ ತಂಟೆಗೆ ಬರುತ್ತಿರಲಿಲ್ಲ ಕಣಣ್ಣ” ಎಂದನು.

ಅದರಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಮೇಷ್ಟರು ವಾದಿಸಬಹುದಾಗಿತ್ತು. ನೂರಾರು ತಲೆಮಾರುಗಳ ಅಜ್ಞಾನವು ಕಾಪಾಡಿಕೊಂಡು ಬಂದುದನ್ನು ಒಂದು ತಲೆಮಾರಿನ ವಿದ್ಯೆಯು ಕಾಪಾಡಲಿಲ್ಲ. ಕಳ್ಳರನ್ನು ಬೈದುಕೊಳ್ಳುವುದು ಸುಲಭ. ನೆಲದಲ್ಲಿ ಸಿಕ್ಕ ನಿಕ್ಷೇಪವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಪ್ರಾಚೀನ ನೆಲೆಗಳ ರಕ್ಷಣೆಗೆ ಕೇಂದ್ರದ ಶಾಸನವು 1958ರಲ್ಲಿಯೂ ರಾಜ್ಯದ್ದು 1961ರಲ್ಲಿಯೂ ಆಗಿವೆ. ಆದರೆ ಮೂರೆಕರೆ ಹುರುಳಿ ಹೊಲದ ಮೂಲೆಗೆ ಕಾವಲುಗಾರನನ್ನು ಯಾವ ಶಾಸನವು ತಾನೆ ಕಳುಹಿಸೀತು? ಅಲ್ಲಿಗೆ ಕಾವಲಾಗಿದ್ದವನು ಭೀಮಸೇನನೊಬ್ಬನೇ. ಅವನನ್ನು ಕೆಲಸದಿಂದ ಬಿಡಿಸಿದವರು ಮೇಷ್ಟರು. ಸಂಜೆಯವರೆಗೆ ಕುಳಿತು ಬೋಕಿಗಳನ್ನೆಲ್ಲ ಆಯ್ದು ಬಿಸ್ಕತ್ತಿನ ಎರಡು ಡಬ್ಬಗಳಲ್ಲಿ ತುಂಬಿಸಿ ಮನೆಗೆ ತಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಮನೆಯವರು ಹೇಳುವರು.

ಕೆಲವು ತಿಂಗಳ ಮೇಲೆ, ಪರಿಚಿತರೊಬ್ಬರ ಮೂಲಕ ವಿಷಯ ತಿಳಿದು, ಪ್ರಾಕ್ತನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಊರಿಗೆ ಬಂದಳು. ಮೇಷ್ಟರು ಡಬ್ಬಗಳನ್ನು ಅವಳ ಮುಂದೆ ಸುರಿದರು. ಅವಳು ಬೋಕಿಗಳನ್ನು ನೋಡುವುದಕ್ಕೆ ಮೊದಲು, “ಇವುಗಳಲ್ಲಿ ಕಿಂಡಿಯ ಹತ್ತಿರ ಇದ್ದವು ಯಾವುವು ಮೇಷ್ಟ್ರೇ? ಮೂಳೆಯ ಮೇಲಿದ್ದವು ಯಾವುವು, ಕೆಳಗಿದ್ದವು ಯಾವುವು?” ಎಂದು ಕೇಳಿದಳು. ಮೇಷ್ಟರಲ್ಲಿ ಉತ್ತರವಿರಲಿಲ್ಲ. ಮೂವತ್ತೈದು ವರ್ಷ ಪ್ರಶ್ನೆ ಕೇಳಿದವರು ತಲೆತಗ್ಗಿಸಿ ನಿಂತರು. ಬ್ರಹ್ಮಗಿರಿಯ ವರದಿಯಲ್ಲಿ ಒಂದೊಂದು ಮಡಕೆಗೂ ಅದರದರ ಜಾಗವನ್ನು ಗೆರೆಯೆಳೆದು ತೋರಿಸಿದ್ದುದು ಏಕೆಂಬುದು ಅವರಿಗೆ ನಿಜವಾಗಿ ತಿಳಿದುದು ಆ ಕ್ಷಣದಲ್ಲಿ. ಗೋರಿಯು ಹೇಳಬೇಕಾದುದೆಲ್ಲವೂ ಅದರ ಜೋಡಣೆಯಲ್ಲಿಯೇ ಇತ್ತು. ಡಬ್ಬದಲ್ಲಿದ್ದುದು ಪದಗಳನ್ನು ಕತ್ತರಿಸಿ ಕಲಸಿದ ಓಲೆ.

ಅವಳು ಅಳತೆ ಮಾಡಿ, ಚಿತ್ರಗಳನ್ನು ತೆಗೆದುಕೊಂಡು, ಉಳಿದ ಮಧ್ಯಾಹ್ನವನ್ನೆಲ್ಲ ಗುಪ್ಪೆಗೆ ಬೆನ್ನು ತಿರುಗಿಸಿ ಕಳೆದಳು. ಮೇಷ್ಟರಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಅವರೂ ಅವಳೊಡನೆ ನಡೆದರು. ಹೊಲವಿರುವುದು ಬೋರೆಯ ಭುಜದ ಮೇಲೆ. ಕೆಳಗೆ ಈಗ ಕೆರೆಯಿರುವ ತಗ್ಗು. ಅದರಾಚೆ ಎರೆಬೆರೆತ ಒಳ್ಳೆಯ ಮಣ್ಣು. ಮೇಲ್ಗಡೆ ಹಾಸುಬಂಡೆ. ಮೂಡಲಿಗೆ ದೂರದಲ್ಲಿ ಮೇಲುಕೋಟೆಯ ಬೆಟ್ಟಗಳ ನೀಲಿ. ಸತ್ತವರಿಗೆ ಕೊಟ್ಟಿರುವ ಜಾಗವು ಬೆಳೆಗೆ ಬಾರದ ಗರಸಿನ ನೆಲವೆಂಬುದನ್ನು ಅವಳು ತೋರಿಸಿದಳು. ಹಾಸುಬಂಡೆಯು ಹತ್ತಿರವಿದ್ದುದರಿಂದ ಚಪ್ಪಡಿಗೂ ದೂರ ಹೋಗಬೇಕಾಗಿರಲಿಲ್ಲ. ಬಂಡೆಯ ಮೇಲೆ ಅಂಗೈಯುದ್ದದ ನುಣುಪಾದ ಗೀರುಗಳಿದ್ದುವು. ಮೇಷ್ಟರು ಬಾಲ್ಯದಲ್ಲಿ ಅವುಗಳ ಮೇಲೆ ಜಾರಿ ಆಡಿದ್ದರು. ಕಲ್ಲುಕೊಡಲಿಯನ್ನು ಮಸೆದ ಜಾಗಗಳು ಹೀಗಿರುತ್ತವೆಂದು ಅವಳು ಹೇಳಿದಳು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1960ರ ಆಸುಪಾಸಿನಲ್ಲಿ ಡಾ. ಎಂ. ಶೇಷಾದ್ರಿ ಅವರು ಅಗೆಯಿಸಿದ ನೆಲೆಯು ಅಂಥ ಕೊಡಲಿಯ ಜನರದೇ. ಹೀಗೆ ಗೋರಿ ಕಟ್ಟಿದವರಿಗಿಂತ ಹಿಂದೆಯೂ ಆ ಬೋರೆಯಲ್ಲಿ ಮನುಷ್ಯರ ಕೈ ಆಡಿತ್ತು.

ನಡೆಯುತ್ತ ನಡೆಯುತ್ತ ಮೇಷ್ಟರಿಗೆ ಇನ್ನೊಂದು ಸಂಗತಿಯೂ ಹೊಳೆಯಿತು. ಹೇಮಾವತಿಯ ಹೇಮಗಿರಿ, ಮಂದಗೆರೆ ಅಣೆಗಳ ನಾಲೆ ಹರಿಯುವ ಕಡೆ ಇಂಥದೊಂದು ಕಲ್ಲೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನೀರು ಬಂದ ನೆಲವನ್ನು ಜನರು ತಲೆತಲಾಂತರದಿಂದ ಮಟ್ಟಮಾಡಿ ಗದ್ದೆ ಮಾಡಿದ್ದಾರೆ. ಗುಪ್ಪೆಯು ಉಳಿದುದು ಭೀಮನ ಭಯದಿಂದ ಮಾತ್ರವಲ್ಲ, ನೀರಿನ ಅಭಾವದಿಂದಲೂ ಎಂದಾಯಿತು. ಈಗ ಕೊಳವೆಬಾವಿಯು ಬೋರೆಯ ನೆತ್ತಿಗೂ ನೀರನ್ನು ಏರಿಸುತ್ತಿದೆ.

ಈ ಯೋಚನೆಯು ಬರಿಯ ಯೋಚನೆಯಾಗಿ ಉಳಿಯಲಿಲ್ಲ. ಮರುವರ್ಷವೇ ತಮ್ಮನು ಹೊಲದಲ್ಲಿ ಕೊಳವೆಬಾವಿ ಕೊರೆಯಿಸಿದನು, ನೀರು ಬಂದಿತು. ಮಗಳ ಮದುವೆಯ ಸಾಲವಿನ್ನೂ ತೀರಿರಲಿಲ್ಲ. ಹುರುಳಿಯಿಂದ ಸಾಲ ತೀರಿಸಿದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ತೆಂಗು ಹಾಕುವುದೆಂದೂ, ನೆಲವನ್ನು ಜೆಸಿಬಿಯಿಂದ ಒಂದೇ ಸಮನಾಗಿ ಮಾಡಿಸುವುದೆಂದೂ ಅವನು ನಿಶ್ಚಯಿಸಿದನು. ಮೇಲುಗಡೆಯ ಮೂಲೆಯನ್ನು ಕುರಿತು ಅವನು ಏನೂ ಹೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ಕೇಳುವ ಹಕ್ಕು ತಮಗೆ ಉಳಿದಿಲ್ಲವೆಂಬುದು ಮೇಷ್ಟರ ಎಣಿಕೆ. ತಮ್ಮ ಪಾಲನ್ನು ಬೇರೆಯಾಗಿ ಅಳೆಸಿ ಆ ಮೂಲೆಯನ್ನು ಉಳಿಸಿಕೊಳ್ಳಬಹುದೆಂದು ಒಬ್ಬರು ಸಲಹೆ ಕೊಟ್ಟರು. ಸತ್ತವರಿಗಾಗಿ ಬದುಕಿರುವ ತಮ್ಮನೊಡನೆ ಪಾಲಾಗುವುದು ಅವರಿಗೆ ಒಗ್ಗಲಿಲ್ಲ. ಅವರು ಮಾಡಿದುದು ಇಷ್ಟೇ: ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ, ಸಂಶೋಧಕಿಯು ಹೇಳಿಹೋಗಿದ್ದ ಪ್ರಕಾರ ಗುಳಿಯೊಳಕ್ಕೆ ಮರಳು ತುಂಬಿಸಿ, ಮೇಲೆ ಅದೇ ಮಣ್ಣನ್ನು ಎಳೆಯಿಸಿ ಮುಚ್ಚಿಸಿದರು. ಡಬ್ಬಗಳಿಗೆ ಒಂದೊಂದು ಚೀಟಿ ಬರೆದು ಅಂಟಿಸಿದರು. ಊರು, ಹೊಲ, ತಾರೀಖು ಬರೆದಾದ ಮೇಲೆ, ಸಿಕ್ಕಿದ ವಿವರವೆಂಬಲ್ಲಿ ಲೇಖನಿಯು ತುಸು ನಿಂತಿತು. ಕೊನೆಗೆ, “ಅಗೆದವರು ತಿಳಿಯದು, ಮಾತು ಹಬ್ಬಿಸಿದವನು ಹೊಲದ ಒಡೆಯ” ಎಂದು ಬರೆದು ತಮ್ಮ ಹೆಸರು ಹಾಕಿದರು.

ಯಂತ್ರವು ಬಂದ ದಿನ ಅವರು ಹೊಲಕ್ಕೆ ಹೋಗಬಾರದೆಂದೇ ಇದ್ದರು. ಹತ್ತು ಗಂಟೆಯ ಹೊತ್ತಿಗೆ ಇರಲಾರದೆ ಹೊರಟರು. ಬದುವಿನ ಮೇಲೆ ಬರುವಷ್ಟರಲ್ಲಿ ಯಂತ್ರವು ಕೆಳಗಿನ ಭಾಗವನ್ನೆಲ್ಲ ಸಮಮಾಡಿ ಮೇಲುಗಡೆಯ ಮೂಲೆಗೆ ಏರುತ್ತಿತ್ತು. ತಮ್ಮನು ಅದರ ಮುಂದೆ ನಡೆಯುತ್ತಿದ್ದನು. ಗುಂಡುಕಲ್ಲುಗಳಿಂದ ಐದಾರು ಮಾರು ದೂರದಲ್ಲಿ ನಿಂತು, ಕೈಯೆತ್ತಿ, ಓಡಿಸುವ ಹುಡುಗನಿಗೆ ಕೂಗಿ ಹೇಳಿದನು: “ಅಷ್ಟಕ್ಕೇ ನಿಲ್ಲಿಸಪ್ಪ. ಅದು ನಮ್ಮವ್ವ ಎಡೆ ಇಡುತ್ತಿದ್ದ ಜಾಗ. ಬಳಸಿಕೊಂಡು ತಿರುಗಿಸು.”

ಯಂತ್ರವು ತಿರುಗಿತು. ಮೂವತ್ತಡಿಗೊಂದು ಗುಳಿಯಂತೆ ಹುರಿಹಿಡಿದು ಗುರುತು ಮಾಡುವಾಗ ಆ ಮೂಲೆಯಲ್ಲಿ ಸಾಲು ಕೆಟ್ಟಿತು. ನಾಲ್ಕು ಸಸಿಗಳು ಮಿಕ್ಕುವು. ಅವನ್ನು ಮನೆಯ ಹಿತ್ತಲಿನಲ್ಲಿ ನೆಟ್ಟಿದ್ದಾರೆ.